ಕ್ಯಾಸಿಯೊ 991ರ ಡಿ ಬೈ ಡಿಎಕ್ಸ್ ಗುಂಡಿ: ಬಹುಪದೋಕ್ತಿಗಳ ಮಟ್ಟಿಗೆ ಎಷ್ಟು ನಂಬಬಹುದು?

ಡಿಪ್ಲೊಮಾಗೋ ಎಂಜಿನಿಯರಿಂಗಿಗೋ ಸೇರಿದ ಮಕ್ಕಳಿಗೆ ಕ್ಯಾಸಿಯೊ 991 ಸರಣಿಯ ಕ್ಯಾಲ್ಕುಲೇಟರ್ ಕೊಡಿಸುವಾಗ ಅಂಗಡಿಯಲ್ಲಿ ಕೇಳಿಬರುವ ಮಾತು ಒಂದೇ: ‘ಇದರಲ್ಲಿ ಡಿಫರೆನ್ಶಿಯೇಶನ್ ಕೂಡ ಆಗುತ್ತೆ’. ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೆ ನಿಂತಿದೆ. ಬಹುಪದೋಕ್ತಿಯೊಂದನ್ನು ಕೊಟ್ಟರೆ ಈ ಯಂತ್ರ ಅದರ ಡೆರಿವೇಟಿವ್ (ಅದರ ನಕ್ಷೆಯ ಇಳಿಜಾರು ಹೇಳುವ ಸೂತ್ರ) ಬರೆದು ತೋರಿಸುವುದಿಲ್ಲ. ನೀವು ಹೇಳಿದ ಒಂದು ಬಿಂದುವಿನಲ್ಲಿ ಆ ಡೆರಿವೇಟಿವ್‌ನ ಬೆಲೆ ಎಷ್ಟು ಎಂಬ ಒಂದು ಸಂಖ್ಯೆಯನ್ನಷ್ಟೇ ಕೊಡುತ್ತದೆ. ಈ ವ್ಯತ್ಯಾಸ ತಿಳಿದು ಕೊಂಡವರಿಗೆ ಇದು ಬಹಳ ಒಳ್ಳೆಯ ಸಾಧನ. ತಿಳಿಯದೆ ಕೊಂಡವರು ಮೊದಲ ಇಂಟರ್ನಲ್ಸ್‌ನಲ್ಲೇ ಕಷ್ಟಕ್ಕೆ ಬೀಳುತ್ತಾರೆ, ಏಕೆಂದರೆ ಅಲ್ಲಿ ಕೇಳುವುದು ಸೂತ್ರವನ್ನು, ಹಂತಗಳನ್ನು.

ಕನ್ನಡ ಮಾಧ್ಯಮದ ಪುಸ್ತಕಗಳು ‘ನಿಷ್ಪನ್ನ’ ಎನ್ನುವುದನ್ನು ತರಗತಿಯಲ್ಲಿ ಎಲ್ಲರೂ ಡೆರಿವೇಟಿವ್ ಎಂದೇ ಕರೆಯುವುದರಿಂದ ಇಲ್ಲೂ ಹಾಗೇ ಬರೆದಿದೆ. ಕ್ಷ-ಕಿರಣ ಎನ್ನುವಾಗ ಮಾಡುವಂತೆ ಚರಾಕ್ಷರವನ್ನು ‘ಕ್ಷ’ ಎಂದು ಗುರುತಿಸಿದೆ. ಗುಂಡಿಯ ಮೇಲಿರುವುದು ಎಕ್ಸ್. ಉದಾಹರಣೆಗೆ ಉದ್ದಕ್ಕೂ ಒಂದೇ ಬಹುಪದೋಕ್ತಿ ಸಾಕು:

ಫ(ಕ್ಷ) = 2ಕ್ಷ⁴ − 3ಕ್ಷ³ + 5ಕ್ಷ − 7

ಕೈಯಲ್ಲಿ ಮಾಡುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಘಾತವನ್ನು ಸಹಗುಣಕಕ್ಕೆ ಗುಣಿಸಿ, ಘಾತದಲ್ಲಿ ಒಂದು ಕಳೆಯಬೇಕು. ಒಂಟಿ ಸ್ಥಿರಾಂಕ ಸೊನ್ನೆಯಾಗುತ್ತದೆ. ಫ′(ಕ್ಷ) = 8ಕ್ಷ³ − 9ಕ್ಷ² + 5. ಕ್ಷ = 2 ಹಾಕಿದರೆ 64 − 36 + 5, ಅಂದರೆ 33.

ಇದನ್ನೇ ಎಫ್ಎಕ್ಸ್-991ಇಎಸ್ ಪ್ಲಸ್‌ನಲ್ಲಿ ಹೀಗೆ ಒತ್ತಬೇಕು. ಶಿಫ್ಟ್ ಒತ್ತಿ ಇಂಟಿಗ್ರೇಶನ್ ಗುಂಡಿ ಒತ್ತಿದರೆ ತೆರೆಯ ಮೇಲೆ ಡಿ ಬೈ ಡಿಎಕ್ಸ್, ಒಂದು ಖಾಲಿ ಚೌಕ, ಕೊನೆಗೆ ‘ಎಕ್ಸ್ ಸಮ’ ಎಂದು ಇನ್ನೊಂದು ಚೌಕ ಬರುತ್ತದೆ. ಮೊದಲ ಚೌಕದಲ್ಲಿ ಬಹುಪದೋಕ್ತಿ ತುಂಬಬೇಕು. ಪ್ರತಿ ಎಕ್ಸ್‌ಗೂ ಆಲ್ಫಾ ಒತ್ತಿ ಬಲ ಆವರಣದ ಗುಂಡಿ. ಘಾತ ಹಾಕಿದ ಮೇಲೆ ಬಲ ಬಾಣ ಒತ್ತಿ ಕೆಳಗಿಳಿಯಲೇಬೇಕು, ಇಲ್ಲದಿದ್ದರೆ ‘−3ಕ್ಷ³’ ಪೂರ್ತಿಯಾಗಿ 4ರ ಪಕ್ಕದಲ್ಲಿ ಘಾತದೊಳಗೇ ಸೇರಿಕೊಳ್ಳುತ್ತದೆ. ಹೊಸಬರ ಅತಿ ಸಾಮಾನ್ಯ ತಪ್ಪು ಇದೇ. ಇಂಥ ತಪ್ಪಿಗೆ ಯಂತ್ರ ಎಚ್ಚರಿಕೆ ಕೊಡುವುದಿಲ್ಲ, ಯಾವುದೋ ಸಂಖ್ಯೆ ತೋರಿಸಿ ಸುಮ್ಮನಾಗುತ್ತದೆ. ಬಹುಪದೋಕ್ತಿ ಮುಗಿದ ಮೇಲೆ ಬಲ ಬಾಣ ಒತ್ತಿ ಎರಡನೇ ಚೌಕಕ್ಕೆ ಹೋಗಿ, 2 ಹಾಕಿ, ಸಮ ಚಿಹ್ನೆ ಒತ್ತಿದರೆ 33.

ಎಫ್ಎಕ್ಸ್-991ಇಎಕ್ಸ್‌ನಲ್ಲೂ ದಾರಿ ಇದೇ. ಆದರೆ ಅಲ್ಲಿ ಎಕ್ಸ್‌ಗೆ ಪ್ರತ್ಯೇಕ ಗುಂಡಿ ಇರುವುದರಿಂದ ಆಲ್ಫಾ ಬೇಕಿಲ್ಲ. ದಿನಕ್ಕೆ ಮೂವತ್ತು ಲೆಕ್ಕ ಮಾಡುವವರಿಗೆ ಇದು ನಿಜವಾದ ಸೌಕರ್ಯ. ಹಳೆಯ 991ಎಂಎಸ್‌ನಲ್ಲಿ ಚೌಕಗಳಿಲ್ಲ. ಒಂದೇ ಸಾಲಿನಲ್ಲಿ ಬಹುಪದೋಕ್ತಿ, ಅಲ್ಪವಿರಾಮ, ಬಿಂದು, ಬೇಕಿದ್ದರೆ ಮತ್ತೊಂದು ಅಲ್ಪವಿರಾಮ ಮತ್ತು ಡೆಲ್ಟಾ ಎಕ್ಸ್ (ಬಿಂದುವಿನಿಂದ ಎಷ್ಟು ಸರಿದು ನೋಡಬೇಕು ಎಂಬ ಚಿಕ್ಕ ದೂರ), ಕೊನೆಗೆ ಆವರಣ. ಡೆಲ್ಟಾ ಎಕ್ಸ್ ಬಿಟ್ಟರೆ ಯಂತ್ರವೇ ಸೂಕ್ತವಾದ ಒಂದನ್ನು ಹಾಕಿಕೊಳ್ಳುತ್ತದೆ. ಬಹುತೇಕ ಸಂದರ್ಭಗಳಲ್ಲಿ ಬಿಡುವುದೇ ಒಳ್ಳೆಯದು.

ಇನ್ನೊಂದು ಬಲೆ ಇದೆ. ಈ ಗುಂಡಿಗೆ ಚರ ಎಂದರೆ ಎಕ್ಸ್ ಮಾತ್ರ. ಎ, ಬಿ, ವೈ ಇವೆಲ್ಲ ಅದರ ಪಾಲಿಗೆ ಸ್ಥಿರಾಂಕಗಳು. ಅವಸರದಲ್ಲಿ ಎಕ್ಸ್ ಬದಲು ಎ ಒತ್ತಿ ಎ³ ಎಂದು ಬರೆದರೆ ಉತ್ತರ 0 ಬರುತ್ತದೆ, ಅದೂ ಯಾವ ಎರರ್ ಇಲ್ಲದೆ. ಕಾರಣವಿಲ್ಲದೆ ಸೊನ್ನೆ ಬಂದರೆ ಮೊದಲು ಅಕ್ಷರ ನೋಡಿ.

ಈಗ ಮುಖ್ಯ ಪ್ರಶ್ನೆ: 33 ಎಲ್ಲಿಂದ ಬಂತು? ಘಾತದ ನಿಯಮ ಯಂತ್ರಕ್ಕೆ ಗೊತ್ತಿಲ್ಲ. ಅದು ಬಿಂದುವಿನ ಎರಡೂ ಪಕ್ಕ ಸ್ವಲ್ಪ ಸರಿದು ಬೆಲೆ ನೋಡಿ ವ್ಯತ್ಯಾಸವನ್ನು ಭಾಗಿಸುತ್ತದೆ. ಸರಿದ ದೂರವನ್ನು ಹ ಎಂದುಕೊಂಡರೆ, ಲೆಕ್ಕ ಹಾಕುವುದು [ಫ(ಕ್ಷ+ಹ) − ಫ(ಕ್ಷ−ಹ)] ÷ 2ಹ. ಇಎಸ್ ಪ್ಲಸ್‌ನ ಕೈಪಿಡಿ ಇದನ್ನು ಸೆಂಟ್ರಲ್ ಡಿಫರೆನ್ಸ್ ವಿಧಾನ ಎಂದು ತಾನೇ ಹೇಳುತ್ತದೆ, ಉತ್ತರ ಅಂದಾಜು ಎಂಬುದನ್ನೂ ಮುಚ್ಚಿಡುವುದಿಲ್ಲ.

ಬಹುಪದೋಕ್ತಿಗಳ ಮೇಲೆ ಈ ವಿಧಾನದ ಗುಣ ನೋಡುವಂಥದ್ದು. ವರ್ಗ ಬಹುಪದೋಕ್ತಿಗೆ ಇದು ಅಂದಾಜೇ ಅಲ್ಲ. ಹ ಎಷ್ಟೇ ಇರಲಿ, ಎಡಬಲದ ತಪ್ಪುಗಳು ಪರಸ್ಪರ ಹೊಡೆದುಕೊಂಡು ಕರಾರುವಾಕ್ಕಾದ ಉತ್ತರವೇ ಬರುತ್ತದೆ. ಎಂಎಸ್‌ನ ಕೈಪಿಡಿಯಲ್ಲಿರುವ ಉದಾಹರಣೆ 3ಕ್ಷ² − 5ಕ್ಷ + 2, ಬಿಂದು 2, ಡೆಲ್ಟಾ ಎಕ್ಸ್ 0.0002, ಉತ್ತರ ಸರಿಯಾಗಿ 7. ಅದು ವರ್ಗ ಬಹುಪದೋಕ್ತಿಯಾದ್ದರಿಂದ ವಿಧಾನದ ದೌರ್ಬಲ್ಯ ಅಲ್ಲಿ ಕಾಣಿಸಿಕೊಳ್ಳಲು ಅವಕಾಶವೇ ಇಲ್ಲ. ಘನಕ್ಕೆ ಹೋದರೆ ಬೇರೆ ಕಥೆ. ಕ್ಷ³ಕ್ಕೆ ಸೂತ್ರ ಬಿಡಿಸಿದರೆ 3ಕ್ಷ² + ಹ² ಉಳಿಯುತ್ತದೆ. ಕ್ಷ = 2 ಆದಾಗ ಬರಬೇಕಾದ್ದು 12; ಹ 0.1 ಆದರೆ ಬರುವುದು 12.01, 0.001 ಆದರೆ 12.000001.

ಹಾಗಾದರೆ ಹ ಅನ್ನು ಇನ್ನೂ ಇನ್ನೂ ಚಿಕ್ಕದು ಮಾಡಿದರಾಯಿತಲ್ಲ ಅನ್ನಿಸುತ್ತದೆ. ಆಗದು. ಇಎಸ್ ಪ್ಲಸ್ ಒಳಗೆ 15 ಅಂಕಿ ಇಟ್ಟುಕೊಂಡು ಹೊರಗೆ 10 ತೋರಿಸುತ್ತದೆ. ಕ್ಷ³ಕ್ಕೆ 2ರಲ್ಲಿ ಬರುವ 8ರ ಆಸುಪಾಸಿನ ಸಂಖ್ಯೆಯಲ್ಲಿ ಅದರ ಕೊನೆಯ ಅಂಕಿ ದಶಮಾಂಶದ 14ನೇ ಸ್ಥಾನ. ಹ ಅನ್ನು 10⁻¹² ಮಾಡಿದರೆ (2+ಹ)³, (2−ಹ)³ ಎರಡೂ ಹೆಚ್ಚುಕಡಿಮೆ ಒಂದೇ ಆಗಿ, ಕಳೆದಾಗ ಮೊದಲ ಅಂಕಿಗಳೆಲ್ಲ ಅಳಿಸಿಹೋಗಿ ಕೊನೆಯ ನಾಲ್ಕು ಉಳಿಯುತ್ತವೆ. ಆ ನಾಲ್ಕರಲ್ಲಿನ ಸಣ್ಣ ತಪ್ಪು 2ಹದಿಂದ ಭಾಗಿಸಿದಾಗ ಹಿಗ್ಗಿ 0.005ರಷ್ಟಾಗುತ್ತದೆ. ಹ 10⁻⁵ರ ಹತ್ತಿರ ಇದ್ದಾಗ ಎರಡೂ ಬಗೆಯ ತಪ್ಪು 10⁻¹⁰, 10⁻⁹ರ ಮಟ್ಟದಲ್ಲಿ ಸಮತೂಗುತ್ತವೆ. ಎಂಎಸ್‌ನಲ್ಲಿ ‘ಹೆಚ್ಚು ನಿಖರವಾಗಲಿ’ ಎಂದು ಡೆಲ್ಟಾ ಎಕ್ಸ್‌ಗೆ 10⁻¹² ಹಾಕುವವರು ಉತ್ತರವನ್ನು ಕೆಡಿಸಿಕೊಳ್ಳುವುದು ಹೀಗೆ. ಇಎಸ್ ಪ್ಲಸ್‌ನಲ್ಲಿ ಹ ನಮ್ಮ ಕೈಯಲ್ಲಿಲ್ಲ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯುವ ಲೈನ್ ಮಾದರಿಗೆ ಬದಲಿಸಿಕೊಂಡರೆ ಮೂರನೆಯದಾಗಿ ಟಾಲರೆನ್ಸ್ (ಒಪ್ಪಬಹುದಾದ ತಪ್ಪಿನ ಮಿತಿ) ಹಾಕಬಹುದು, ಹಾಕದಿದ್ದರೆ ಅದು 1×10⁻¹⁰. ‘ಟೈಮ್ ಔಟ್’ ಎಂದು ಬಂದರೆ ಆ ಮಿತಿಯೊಳಗೆ ಉತ್ತರ ನೆಲೆಗೊಳ್ಳಲಿಲ್ಲ ಎಂದರ್ಥ; ಟಾಲರೆನ್ಸ್ ದೊಡ್ಡದು ಮಾಡಿ ಮತ್ತೆ ಒತ್ತಬೇಕು.

ಇದರ ಪರಿಣಾಮ ಹೆಚ್ಚು ಕಾಡುವುದು ಗರಿಷ್ಠ, ಕನಿಷ್ಠ ಬಿಂದುಗಳಲ್ಲಿ. ಕ್ಷ³ − 3ಕ್ಷ ತೆಗೆದುಕೊಳ್ಳಿ. ಕ್ಷ = 1ರಲ್ಲಿ ಡೆರಿವೇಟಿವ್ ನಿಖರವಾಗಿ ಸೊನ್ನೆ. ಅಂದಾಜಿನ ವಿಧಾನ ಅಲ್ಲಿ ಹ² ಎಂಬ ಚಿಕ್ಕ ಶೇಷವನ್ನು ಉಳಿಸುತ್ತದೆ. ತೆರೆಯಲ್ಲಿ ಹತ್ತರ ಋಣ ಹತ್ತನೆಯ, ಹನ್ನೊಂದನೆಯ ಘಾತದ ಸಂಖ್ಯೆ ಕಂಡರೆ ಅದನ್ನು ಸೊನ್ನೆ ಎಂದೇ ಓದಬೇಕು. ‘ಸೊನ್ನೆ ಬರಲಿಲ್ಲ, ಆದ್ದರಿಂದ ಇದು ಗರಿಷ್ಠ ಬಿಂದುವಲ್ಲ’ ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ತಪ್ಪು ಯಂತ್ರದ್ದಲ್ಲ. ಉತ್ತರ ಸೊನ್ನೆಗೆ ಹತ್ತಿರವಾದಾಗ, ಗರಿಷ್ಠ-ಕನಿಷ್ಠ ಬಿಂದುಗಳು ಒಳಗೊಂಡಾಗ ನಿಖರತೆ ಕೆಡಬಹುದು ಎಂದು ಕೈಪಿಡಿಯಲ್ಲೇ ಇದೆ.

ಬಹುಪದೋಕ್ತಿ ಬಿಟ್ಟು ಹೊರಗೆ ಹೋಗುವವರಿಗೆ ಒಂದೇ ಮಾತು: ಸೈನ್, ಕೊಸೈನ್ ಬಂದರೆ ರೇಡಿಯನ್‌ಗೆ ಬದಲಿಸಿ. ಡಿಗ್ರಿಯಲ್ಲೇ ಬಿಟ್ಟರೆ ಸೈನ್‌ನ ಡೆರಿವೇಟಿವ್ ಸೊನ್ನೆಯಲ್ಲಿ 1 ಬರುವ ಬದಲು 0.01745 ಬರುತ್ತದೆ. ಬಹುಪದೋಕ್ತಿಗಳಿಗೆ ಇದರ ಚಿಂತೆ ಇಲ್ಲ.

ಸೂತ್ರವನ್ನೇ ಕೊಡದ ಯಂತ್ರ ಮತ್ತೆ ಯಾವುದಕ್ಕೆ? ತಾಳೆ ನೋಡುವುದಕ್ಕೆ. ಈ ಕೆಲಸದಲ್ಲಿ ಇದಕ್ಕೆ ಪೂರ್ಣ ಅಂಕ ಕೊಡಬಹುದು, ಆದರೆ ತಾಳೆ ನೋಡುವ ಬಿಂದುವನ್ನು ಯೋಚಿಸಿ ಆರಿಸಬೇಕು. ಯಾರಾದರೂ ಮರೆತು 8ಕ್ಷ³ − 9ಕ್ಷ + 5 ಎಂದು ಬರೆದಿದ್ದಾರೆ ಅನ್ನಿ. ಕ್ಷ = 0 ಹಾಕಿದರೆ ಸರಿಯುತ್ತರವೂ 5, ತಪ್ಪುತ್ತರವೂ 5. ಕ್ಷ = 1 ಹಾಕಿದರೆ ಎರಡೂ 4. ಒಂದರ ಎಲ್ಲ ಘಾತಗಳೂ ಒಂದೇ ಆದ್ದರಿಂದ ಘಾತದ ತಪ್ಪು ಅಲ್ಲಿ ಎಂದೂ ಸಿಕ್ಕಿಬೀಳುವುದಿಲ್ಲ. ಲೆಕ್ಕ ಸುಲಭ ಎಂಬ ಕಾರಣಕ್ಕೆ ಹೆಚ್ಚಿನವರು ಹಾಕಿ ನೋಡುವುದು ಈ ಎರಡನ್ನೇ! ಕ್ಷ = 2 ಹಾಕಿದರೆ 33ರ ಎದುರು 51, ತಪ್ಪು ತಕ್ಷಣ ಹೊರಬರುತ್ತದೆ. ಪೂರ್ತಿ ಖಾತರಿ ಬೇಕಿದ್ದರೆ ನಿಯಮ ಸರಳ: ಮೂರನೇ ಘಾತದ ಎರಡು ಬಹುಪದೋಕ್ತಿಗಳು ನಾಲ್ಕು ಬೇರೆ ಬೇರೆ ಬಿಂದುಗಳಲ್ಲಿ ಸಮವಾದರೆ ಅವು ಒಂದೇ. ಆದ್ದರಿಂದ ನಾಲ್ಕನೇ ಘಾತದ ಬಹುಪದೋಕ್ತಿಯ ಡೆರಿವೇಟಿವ್‌ಗೆ ನಾಲ್ಕು ಬಿಂದು ಸಾಕು. ದಿನನಿತ್ಯಕ್ಕೆ 2 ಮತ್ತು −3 ಎರಡೇ ಬಹುಪಾಲು ತಪ್ಪುಗಳನ್ನು ಹಿಡಿಯುತ್ತವೆ.

−3 ಹಾಕುವಾಗ ಆವರಣ ಮರೆಯಬೇಡಿ. ಯಂತ್ರಕ್ಕೆ −3² ಎಂದರೆ −9. ನಮ್ಮ ಫ′ನಲ್ಲಿ ಸರಿಯಾದ ಬೆಲೆ −216 − 81 + 5 = −292; ವರ್ಗದ ಪದದಲ್ಲಿ ಆವರಣ ಬಿಟ್ಟರೆ −130 ಬರುತ್ತದೆ. ಇದರಿಂದ ಪಾರಾಗುವ ದಾರಿ ಕ್ಯಾಲ್ಕ್ ಗುಂಡಿ. ಕೈಯಲ್ಲಿ ಕಂಡುಹಿಡಿದ 8ಕ್ಷ³ − 9ಕ್ಷ² + 5 ಅನ್ನು ಒಮ್ಮೆ ಬರೆದು ಕ್ಯಾಲ್ಕ್ ಒತ್ತಿದರೆ ಎಕ್ಸ್ ಎಷ್ಟು ಎಂದು ಕೇಳುತ್ತದೆ. ಅಲ್ಲಿ −3 ಹಾಗೇ ಕೊಟ್ಟರೂ ಪೂರ್ತಿ ಸಂಖ್ಯೆಯಾಗಿ ತೆಗೆದುಕೊಳ್ಳುತ್ತದೆ. ಒಂದೇ ಡೆರಿವೇಟಿವ್ ಅನ್ನು ಹತ್ತು ಬಿಂದುಗಳಲ್ಲಿ ಬೇಕಾದಾಗ ಇದಕ್ಕಿಂತ ವೇಗದ ದಾರಿ ಇಲ್ಲ, ಮತ್ತು ಇಲ್ಲಿ ಅಂದಾಜಿನ ಹ ಎಂಬುದೇ ಇಲ್ಲದ್ದರಿಂದ ಉತ್ತರ ಚೊಕ್ಕ.

ಯಂತ್ರದಿಂದ ಸೂತ್ರವನ್ನೇ ಹೊರಡಿಸುವ ಒಂದು ಜಾಣ ಉಪಾಯವೂ ಇದೆ. ಸಹಗುಣಕಗಳು ಪೂರ್ಣಾಂಕಗಳಾಗಿದ್ದು ಡೆರಿವೇಟಿವ್‌ನಲ್ಲಿ ಅವು 50ಕ್ಕಿಂತ ಚಿಕ್ಕದಾಗಿದ್ದರೆ, ಬಿಂದುವಾಗಿ 100 ಹಾಕಿ. ಕ್ಷ³ + 2ಕ್ಷ² + 3ಕ್ಷಕ್ಕೆ 30403 ಬರುತ್ತದೆ. ಬಲದಿಂದ ಎರಡೆರಡು ಅಂಕಿ ಕತ್ತರಿಸಿ: 3, 04, 03. ಅಂದರೆ 3ಕ್ಷ² + 4ಕ್ಷ + 3. ಋಣ ಸಹಗುಣಕ ಇದ್ದರೆ ಸ್ವಲ್ಪ ಎಚ್ಚರ ಬೇಕು. ಕ್ಷ³ − 5ಕ್ಷ² + 7ಕ್ಷ − 2ಕ್ಕೆ 29007 ಬರುತ್ತದೆ: 2, 90, 07. 50ಕ್ಕಿಂತ ದೊಡ್ಡದಾದ 90 ಎಂದರೆ ನೂರಕ್ಕೆ ಹತ್ತು ಕಡಿಮೆ. ಅದನ್ನು −10 ಎಂದು ಓದಿ ಎಡಗಡೆಯ 2ಕ್ಕೆ ಒಂದು ಕೂಡಿಸಿದರೆ 3ಕ್ಷ² − 10ಕ್ಷ + 7. ನಾಲ್ಕನೇ ಘಾತದವರೆಗೆ ಇದು ನಡೆಯುತ್ತದೆ. ಉತ್ತರದ ಕೊನೆಯಲ್ಲಿ ಸಣ್ಣ ದಶಮಾಂಶ ಕಂಡರೆ ಹತ್ತಿರದ ಪೂರ್ಣಾಂಕಕ್ಕೆ ತಂದುಕೊಳ್ಳಿ. ಐದನೇ ಘಾತದಲ್ಲಿ 100⁵ ತಾನೇ 11 ಅಂಕಿ ತಿನ್ನುತ್ತದೆ, ಉಳಿಯುವ ನಾಲ್ಕು ಅಂಕಿಯಲ್ಲಿ ಕಳೆಯುವ-ಭಾಗಿಸುವ ಕೆಲಸ ಕೆಟ್ಟು ಕೊನೆಯ ಸಹಗುಣಕ ನಂಬುವಂತಿರುವುದಿಲ್ಲ.

ಕ್ಯಾಲ್ಕುಲೇಟರ್ ಒಯ್ಯಲಾಗದ ಕಡೆ ಏನು ಮಾಡುವುದು? ಸಿಇಟಿ, ಜೆಇಇ ಮೇನ್ ಎರಡರಲ್ಲೂ ಅದಕ್ಕೆ ಪ್ರವೇಶವಿಲ್ಲ. ಗೇಟ್‌ನಲ್ಲಿ ತೆರೆಯ ಮೇಲೆ ಕೊಡುವ ಕ್ಯಾಲ್ಕುಲೇಟರ್‌ಗೆ ಡಿ ಬೈ ಡಿಎಕ್ಸ್ ಗುಂಡಿಯೇ ಇಲ್ಲ. ಹೈಸ್ಕೂಲಿನ ಸಂಶ್ಲೇಷಿತ ಭಾಗಾಕಾರ ಇಲ್ಲಿ ಕೈಹಿಡಿಯುತ್ತದೆ, ಮತ್ತು ಬಹುಪದೋಕ್ತಿಗಳಿಗೆ ಇದು ಗುಂಡಿಗಿಂತ ಮೇಲು ಎಂದು ಧೈರ್ಯವಾಗಿ ಹೇಳಬಹುದು. ಸಹಗುಣಕಗಳನ್ನು ಬರೆಯಿರಿ: 2, −3, 0, 5, −7. ಇಲ್ಲದ ಕ್ಷ²ಕ್ಕೆ ಸೊನ್ನೆ ಕಡ್ಡಾಯ. ಮೊದಲನೆಯದನ್ನು ಹಾಗೇ ಇಳಿಸಿ, ಪ್ರತಿ ಸಲ ಬಂದದ್ದನ್ನು 2ರಿಂದ ಗುಣಿಸಿ ಮುಂದಿನ ಸಹಗುಣಕಕ್ಕೆ ಕೂಡಿಸುತ್ತ ಹೋದರೆ 2, 1, 2, 9, 11 ಬರುತ್ತವೆ. ಕೊನೆಯ 11 ಎಂದರೆ ಫ(2). ಆ 11 ಬಿಟ್ಟು ಉಳಿದ 2, 1, 2, 9 ಅನ್ನು ಮತ್ತೊಮ್ಮೆ 2ರಿಂದಲೇ ಹಾಗೇ ಮಾಡಿ: 2, 5, 12, 33. ಕೊನೆಯ 33 ಎಂದರೆ ಫ′(2). ಎರಡು ಸಾಲಿನಲ್ಲಿ ಬೆಲೆಯೂ ಇಳಿಜಾರೂ ಒಟ್ಟಿಗೆ ಸಿಕ್ಕವು, ಒಂದು ಘಾತವನ್ನೂ ಲೆಕ್ಕ ಹಾಕದೆ. ಸ್ಪರ್ಶಕದ ಸಮೀಕರಣ ಕೇಳಿದರೆ ಬೇಕಾಗುವುದು ಇವೆರಡೇ.

ಡೆರಿವೇಟಿವ್ ಸೊನ್ನೆಯಾಗುವ ಬಿಂದು ಬೇಕಿದ್ದರೆ ಇಎಸ್ ಪ್ಲಸ್‌ನಲ್ಲಿ ಮೋಡ್ 5, ನಂತರ 4 ಒತ್ತಿ ಘನ ಸಮೀಕರಣಕ್ಕೆ ಹೋಗಿ 8, −9, 0, 5 ತುಂಬಬೇಕು. ಇಲ್ಲೂ ಆ ಸೊನ್ನೆ ಮರೆತು 5 ಅನ್ನು ಮೂರನೇ ಜಾಗದಲ್ಲಿ ಹಾಕುವುದೇ ದೊಡ್ಡ ತಪ್ಪು. ಮೂರು ಮೂಲಗಳು ಬರುತ್ತವೆ. ಒಂದು ಸುಮಾರು −0.6016, ಉಳಿದೆರಡರ ಜೊತೆ ಐ ಅಂಟಿಕೊಂಡಿರುತ್ತದೆ. ಅವು ಸಂಮಿಶ್ರ, ನಕ್ಷೆಯಲ್ಲಿ ಅವಕ್ಕೆ ಸ್ಥಾನವಿಲ್ಲ. ಎರಡನೇ ಡೆರಿವೇಟಿವ್ 24ಕ್ಷ² − 18ಕ್ಷ ಅಲ್ಲಿ ಧನವಾದ್ದರಿಂದ ಅದು ಕನಿಷ್ಠ ಬಿಂದು. ಇಎಸ್ ಪ್ಲಸ್ ಬಿಡಿಸುವುದು ಮೂರನೇ ಘಾತದವರೆಗೆ, ಇಎಕ್ಸ್ ನಾಲ್ಕನೆಯವರೆಗೆ. ಹೀಗಾಗಿ ಐದನೇ ಘಾತದ ಬಹುಪದೋಕ್ತಿಗಳ ಗರಿಷ್ಠ-ಕನಿಷ್ಠ ಹುಡುಕುವ ಕೆಲಸ ಪದೇ ಪದೇ ಇದ್ದವರು ಹೆಚ್ಚು ಹಣ ಕೊಟ್ಟು ಇಎಕ್ಸ್ ತೆಗೆದುಕೊಳ್ಳುವುದಕ್ಕೆ ಅರ್ಥವಿದೆ. ಟೇಬಲ್ ಮೋಡ್‌ನಲ್ಲಿ ಫ ಮತ್ತು ಕೈಯಲ್ಲಿ ಕಂಡ ಫ′ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವವರಿಗೂ ಅಷ್ಟೇ: ಎರಡು ಉತ್ಪನ್ನಗಳಿಗೆ (ಫಂಕ್ಷನ್‌ಗಳಿಗೆ) ಇಎಸ್ ಪ್ಲಸ್ 20 ಸಾಲು ಕೊಟ್ಟರೆ ಇಎಕ್ಸ್ 30 ಕೊಡುತ್ತದೆ.

ಸಮೀಕರಣದ ಮೂಲವನ್ನು ಹಂತ ಹಂತವಾಗಿ ಹತ್ತಿರವಾಗಿಸುವ ನ್ಯೂಟನ್-ರಾಫ್ಸನ್ ವಿಧಾನಕ್ಕೆ ಡಿ ಬೈ ಡಿಎಕ್ಸ್ ಗುಂಡಿ ಬೇಡವೇ ಬೇಡ. ನ್ಯೂಟನ್ ತಾನೇ ಎತ್ತಿಕೊಂಡಿದ್ದ ಕ್ಷ³ − 2ಕ್ಷ − 5 = 0 ನೋಡಿ. 2 ಒತ್ತಿ ಸಮ ಒತ್ತಿ. ನಂತರ, ಹಿಂದಿನ ಉತ್ತರವನ್ನು ತರುವ ಆನ್ಸ್ ಗುಂಡಿ ಬಳಸಿ, ಆನ್ಸ್ − (ಆನ್ಸ್³ − 2ಆನ್ಸ್ − 5) ÷ (3ಆನ್ಸ್² − 2) ಎಂದು ಬರೆದು ಸಮ ಒತ್ತುತ್ತ ಹೋದರೆ 2.1, 2.094568, ಮೂರನೇ ಸಲಕ್ಕೆ 2.094551482, ಆಮೇಲೆ ಅಂಕಿ ಕದಲುವುದಿಲ್ಲ. ಡೆರಿವೇಟಿವ್ ಕೈಯಲ್ಲೇ ಬರೆದದ್ದರಿಂದ ವೇಗವೂ ಹೆಚ್ಚು.

ಹೊಸ 991ಸಿಡಬ್ಲ್ಯೂ ಬಗ್ಗೆ ಮನಸ್ಸು ಒಪ್ಪುವುದಿಲ್ಲ. ಇಂಟಿಗ್ರೇಶನ್ ಗುಂಡಿಯೇ ಅಲ್ಲಿಲ್ಲ. ಡೆರಿವೇಟಿವ್ ಬೇಕಾದರೆ ಕ್ಯಾಟಲಾಗ್ ತೆರೆದು ಫಂಕ್ಷನ್ ಅನಾಲಿಸಿಸ್ ಒಳಗೆ ಹೋಗಿ ಆರಿಸಬೇಕು. ಕ್ಯಾಲ್ಕ್ ಗುಂಡಿಯನ್ನೂ ತೆಗೆದಿದ್ದಾರೆ, ಅದು ಈ ಕೆಲಸಕ್ಕೆ ದೊಡ್ಡ ನಷ್ಟ. ಬದಲಿಗೆ ಉತ್ಪನ್ನವನ್ನು ಒಮ್ಮೆ ಹೆಸರಿಟ್ಟು ಉಳಿಸಿಕೊಂಡು ಮತ್ತೆ ಮತ್ತೆ ಬೆಲೆ ಹಾಕುವ ಅನುಕೂಲ ಬಂದಿದೆ. ಹೊಸದಾಗಿ ಕಲಿಯುವವರಿಗೆ ಅದು ಒಗ್ಗೀತು. ಇಎಸ್‌ಗೆ ಬೆರಳು ಪಳಗಿದವರು ಪರೀಕ್ಷೆಯ ಹಿಂದಿನ ವಾರ ಬದಲಿಸಬಾರದು.

ಸೂತ್ರವೇ ಬೇಕಾದಾಗ ಫೋನಿನಲ್ಲಿ ಜಿಯೋಜಿಬ್ರಾ ಉಚಿತವಾಗಿ ಸಿಗುತ್ತದೆ. ಡೆರಿವೇಟಿವ್ ಎಂಬ ಆದೇಶಕ್ಕೆ 8ಕ್ಷ³ − 9ಕ್ಷ² + 5 ಎಂದು ಬರೆದೇ ತೋರಿಸುತ್ತದೆ. ಅಲ್ಲಿ ಒಂದು ಹಳ್ಳ ಇದೆ, ಬೀಳಬೇಡಿ: ಆದೇಶದೊಳಗೆ ಉತ್ಪನ್ನದ ನಂತರ ಅಲ್ಪವಿರಾಮ ಹಾಕಿ 2 ಎಂದು ಕೊಟ್ಟರೆ ಅದು ಕ್ಷ = 2ರ ಬೆಲೆ ಅಲ್ಲ, ಎರಡನೇ ಡೆರಿವೇಟಿವ್. 33 ನಿರೀಕ್ಷಿಸಿದವರಿಗೆ 24ಕ್ಷ² − 18ಕ್ಷ ಸಿಗುತ್ತದೆ. ಬೆಲೆ ಬೇಕಿದ್ದರೆ ಉತ್ಪನ್ನದ ಹೆಸರಿಗೆ ಒಂದು ಮೇಲ್ಗೆರೆ (′) ಹಾಕಿ ಆವರಣದಲ್ಲಿ 2 ಕೊಡಬೇಕು. ಡೆಸ್ಮೋಸ್ ನಕ್ಷೆಯನ್ನೂ ಬೆಲೆಯನ್ನೂ ಚೆನ್ನಾಗಿ ಕೊಡುತ್ತದೆ, ಸೂತ್ರ ಬರೆದು ತೋರಿಸುವುದಿಲ್ಲ. ವುಲ್ಫ್ರಂ ಆಲ್ಫಾ ಸೂತ್ರ ಕೊಡುತ್ತದೆ, ಹಂತ ಹಂತವಾದ ಪೂರ್ಣ ವಿವರಣೆಗೆ ಹಣ ಕೇಳುತ್ತದೆ.

ಮನೆಯಲ್ಲಿ ಎಂಎಸ್ ಇದ್ದರೆ ಬಹುಪದೋಕ್ತಿಗಳಿಗಾಗಿ ಹೊಸದು ಕೊಳ್ಳುವ ಅಗತ್ಯವಿಲ್ಲ. ಹೊಸದಾಗಿ ಕೊಳ್ಳುವವರಿಗೆ ಇಎಸ್ ಪ್ಲಸ್ ಸಾಕು. ಬೇರೆಯವರ ಕೈಯಿಂದ ಬಂದ ಇಎಸ್ ಪ್ಲಸ್ ಆದರೆ ಬಳಸುವ ಮೊದಲು ಶಿಫ್ಟ್, 9, 3, ಸಮ, ಎಸಿ ಒತ್ತಿ ಎಲ್ಲ ಸೆಟ್ಟಿಂಗ್ ಮೂಲಕ್ಕೆ ತನ್ನಿ. ಆಮೇಲೆ ಕ್ಷ³ಕ್ಕೆ ಬಿಂದು 2ರಲ್ಲಿ ಡೆರಿವೇಟಿವ್ ಕೇಳಿ. 12 ಬಂದರೆ ಕೆಲಸಕ್ಕೆ ಸಿದ್ಧ.